386 ಐಸಿಯ ಗಿಟಾರ್ ಆಂಪ್: ನಾನು ಕಟ್ಟುವ ಬಗೆ

ಗಿಟಾರ್ ಆಂಪ್ ಕಟ್ಟುವ ಹವ್ಯಾಸಕ್ಕೆ ಇಳಿಯುವವರಿಗೆ ಎಲ್‌ಎಂ386 ಎಂಬ ಪುಟ್ಟ ಆಂಪ್ಲಿಫೈಯರ್ ಐಸಿಯಿಂದ (ಚಿಪ್) ಶುರು ಮಾಡಿ ಎನ್ನುತ್ತೇನೆ. ವಾಲ್ವ್ (ಗಾಜಿನ ನಿರ್ವಾತ ಕೊಳವೆ) ದನಿಗೆ ಮನಸೋತವರು ನೇರವಾಗಿ 6ವಿ6 ಎಂಬ ವಾಲ್ವ್ ಹುಡುಕಿಕೊಂಡು ಹೊರಡುತ್ತಾರೆ. ಅಂಥ ಆಂಪ್‌ನಲ್ಲಿ 300 ವೋಲ್ಟ್ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. 386 ಆದರೆ ಬರೀ 9 ವೋಲ್ಟ್. ಆಂಪ್ ನುಡಿಯುತ್ತಿರುವಾಗಲೇ ಕ್ರೊಕೊಡೈಲ್ ಕ್ಲಿಪ್‌ನಲ್ಲಿ ಇನ್ನೊಂದು ಕೆಪಾಸಿಟರ್ ಸೇರಿಸಿ ವ್ಯತ್ಯಾಸ ಕೇಳಬಹುದು. ಸಂಜೆ ಕೂತರೆ ಈ ಕೇಳಿ ಕೇಳಿ ತಿದ್ದುವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಐಸಿಯ ದನಿ ಕೀರಲು ಎಂದು ದೂರುವವರು ಬಹಳ. ಅವರಲ್ಲಿ ಹೆಚ್ಚಿನವರು ಗಿಟಾರನ್ನು ನೇರ ಐಸಿಗೇ ಜೋಡಿಸಿರುತ್ತಾರೆ. 386ರ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್ಲಿಗೆ ಒಡ್ಡುವ ತಡೆ) 50 ಕೆ, ಅಂದರೆ 50 ಕಿಲೋಓಂ ಅಷ್ಟೇ. ಗಿಟಾರಿನ ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಸುರುಳಿಗೆ ಒಂದು ಮೆಗಾಓಂ ಆಸುಪಾಸಿನ ಲೋಡ್ ಬೇಕು. ಕಡಿಮೆಯಾದರೆ ಎತ್ತರದ ದನಿಗಳು ಅಲ್ಲೇ ಸತ್ತುಹೋಗುತ್ತವೆ, ಮುಂದೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಹಾಗಾಗಿ ಐಸಿಯ ಮುಂದೊಂದು ಎಫ್‌ಇಟಿ (ಗೇಟ್, ಡ್ರೇನ್, ಸೋರ್ಸ್ ಎಂಬ ಕಾಲುಗಳ ಟ್ರಾನ್ಸಿಸ್ಟರ್) ಬಫರ್, ಅಂದರೆ ಪಿಕಪ್ಪಿಗೆ ಭಾರವಾಗದ ಹಂತ, ಹಾಕುತ್ತೇನೆ. ಕಾಲೇಜು ಲ್ಯಾಬ್‌ಗಳಲ್ಲಿ ಬಳಕೆಯಲ್ಲಿರುವ ಬಿಎಫ್‌ಡಬ್ಲ್ಯು11 ಇದಕ್ಕೆ ಸಾಕು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಳಿ ನೋಡಿ. ಅದಕ್ಕೆ ನಾಲ್ಕು ಕಾಲು. ನಾಲ್ಕನೆಯದು ಲೋಹದ ಟೊಪ್ಪಿಗೆಗೆ ಸೇರಿದ್ದು, ಅದನ್ನು ಗ್ರೌಂಡ್‌ಗೆ ಕಟ್ಟಬೇಕು.

ಬಫರ್ ಹೀಗೆ: ಜ್ಯಾಕ್‌ನಿಂದ 0.047 ಮೈಕ್ರೋಫ್ಯಾರಡ್ ಮೂಲಕ ಗೇಟ್‌ಗೆ, ಗೇಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಂ, ಡ್ರೇನ್ ನೇರ 9 ವೋಲ್ಟ್‌ಗೆ, ಸೋರ್ಸ್‌ನಿಂದ ಗ್ರೌಂಡ್‌ಗೆ 3.9 ಕೆ. ಇಷ್ಟು ಬೆಸೆದ ಕೂಡಲೇ ಸೋರ್ಸ್‌ನಲ್ಲಿ ವೋಲ್ಟೇಜ್ ನೋಡಿ. 1.5ರಿಂದ 5 ವೋಲ್ಟ್ ಒಳಗಿದ್ದರೆ ಸರಿ. ಸೊನ್ನೆ ಬಂದರೆ ಕಾಲು ಅದಲುಬದಲಾಗಿದೆ ಅಥವಾ ಡ್ರೇನ್‌ಗೆ ಸಪ್ಲೈ ತಲುಪಿಲ್ಲ. ಸೋರ್ಸ್‌ನಿಂದ 1 ಮೈಕ್ರೋಫ್ಯಾರಡ್ ಮೂಲಕ 10 ಕೆ ಲಾಗ್ ಪಾಟ್‌ಗೆ (ತಿರುಗಿಸಿ ಬದಲಿಸುವ ರೆಸಿಸ್ಟರ್); ಅದೇ ವಾಲ್ಯೂಮ್. ಪಾಟ್‌ನ ನಡುಕಾಲು ಐಸಿಯ 3ನೇ ಪಿನ್ನಿಗೆ, 2 ಮತ್ತು 4 ಗ್ರೌಂಡ್‌ಗೆ, 6ಕ್ಕೆ ಸಪ್ಲೈ.

1 ಮತ್ತು 8ನೇ ಪಿನ್ ನಡುವೆ ಏನೂ ಇಲ್ಲದಿದ್ದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) 20. 10 ಮೈಕ್ರೋಫ್ಯಾರಡ್ ಹಾಕಿದರೆ, ಪ್ಲಸ್ ತುದಿ 1ನೇ ಪಿನ್ನಿಗೆ, 200. ನಾನು ಅದರ ಜತೆ ಸರಣಿಯಲ್ಲಿ 5 ಕೆ ಪಾಟ್ ಇಡುತ್ತೇನೆ. ಸುಮಾರು 25ರಿಂದ 200ರವರೆಗೆ ತಿರುಗಿಸಿಕೊಳ್ಳಬಹುದು. 1 ಕೆ ಹಾಕಿದರೆ ಗೇನ್ 40ರ ಕೆಳಗೆ ಇಳಿಯುವುದೇ ಇಲ್ಲ, ಶುದ್ಧ ದನಿ ಬೇಕೆನ್ನುವವರಿಗೆ ಅದು ಕಷ್ಟ.

5ನೇ ಪಿನ್ನಿನಿಂದ ಸ್ಪೀಕರಿಗೆ ಹೋಗುವ ಔಟ್‌ಪುಟ್ ಕೆಪಾಸಿಟರ್ ವಿಚಾರದಲ್ಲಿ ಜಿಪುಣತನ ಬೇಡ. ಅನೇಕ ನಕ್ಷೆಗಳಲ್ಲಿ 220 ಮೈಕ್ರೋಫ್ಯಾರಡ್ ಇರುತ್ತದೆ. 8 ಓಂ ಸ್ಪೀಕರಿನ ಜತೆ ಅದು 90 ಹರ್ಟ್ಜ್‌ನಿಂದಲೇ ಕೆಳದನಿ ಕಡಿಯಲು ತೊಡಗುತ್ತದೆ; ಗಿಟಾರಿನ ದಪ್ಪ ತಂತಿ ನುಡಿಯುವುದು 82 ಹರ್ಟ್ಜ್‌ನಲ್ಲಿ. 470 ಹಾಕಿದರೆ ಮಿತಿ 42ಕ್ಕೆ ಇಳಿದು ದನಿಗೆ ಮೈ ತುಂಬುತ್ತದೆ. 5ನೇ ಪಿನ್ನಿನಿಂದ ಗ್ರೌಂಡ್‌ಗೆ 10 ಓಂ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ ಇರಲೇಬೇಕು. ಇದನ್ನು ಬಿಟ್ಟರೆ ಐಸಿ ನಮ್ಮ ಕಿವಿಗೆ ಕೇಳದ ಎತ್ತರದ ಸ್ವರದಲ್ಲಿ ತನ್ನಷ್ಟಕ್ಕೆ ಆಂದೋಲನ ಮಾಡಿ ಬಿಸಿಯಾಗಬಹುದು. ಮಲ್ಟಿಮೀಟರನ್ನು ಬ್ಯಾಟರಿಯ ಸರಣಿಯಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ: ತಂತಿ ಮೀಟದೆ ಸುಮ್ಮನಿದ್ದಾಗ ಇಡೀ ಆಂಪ್ 10 ಮಿಲಿಆಂಪಿಯರ್ ಒಳಗೇ ಎಳೆಯಬೇಕು, 5ನೇ ಪಿನ್ನಿನಲ್ಲಿ ಸಪ್ಲೈಯ ಅರ್ಧ, ಅಂದರೆ ಸುಮಾರು 4.5 ವೋಲ್ಟ್ ಇರಬೇಕು.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಗ್ರೌಂಡ್. ಸ್ಪೀಕರಿನ ಕರೆಂಟು ಮರಳುವ ದಾರಿಯಲ್ಲೇ ಇನ್‌ಪುಟ್‌ನ ಗ್ರೌಂಡೂ ಹೋದರೆ, ಆ ತಂತಿಯ ಅಲ್ಪ ರೆಸಿಸ್ಟೆನ್ಸ್ ಮೇಲೆ ಹುಟ್ಟುವ ವೋಲ್ಟೇಜು ಮತ್ತೆ ಇನ್‌ಪುಟ್‌ಗೆ ನುಗ್ಗುತ್ತದೆ. ಗೇನ್ 200ರಲ್ಲಿ ಶಿಳ್ಳೆ ಶುರು. ಇನ್‌ಪುಟ್ ಜ್ಯಾಕ್, ಪಾಟ್, ಐಸಿಯ 4ನೇ ಪಿನ್, ಸ್ಪೀಕರ್, ಇವುಗಳಿಂದ ಬೇರೆ ಬೇರೆ ತಂತಿ ಎಳೆದು ಸಪ್ಲೈ ಮತ್ತು ಗ್ರೌಂಡ್ ನಡುವಿನ ಮುಖ್ಯ ಕೆಪಾಸಿಟರಿನ ಮೈನಸ್ ಕಾಲಲ್ಲಿ ಒಂದುಗೂಡಿಸಿ. ಆ ಕೆಪಾಸಿಟರ್ 220 ಮೈಕ್ರೋಫ್ಯಾರಡ್, ಪಕ್ಕದಲ್ಲೇ ಒಂದು 0.1, ಎರಡೂ 6ನೇ ಪಿನ್ನಿಗೆ ಅಂಟಿದಂತೆ ಇರಲಿ. ದೂರವಿದ್ದರೆ, ಬ್ಯಾಟರಿ ಸೊರಗುತ್ತ ಬಂದಂತೆ ಪುಟಪುಟ ಎಂಬ ಸದ್ದು ಬರುತ್ತದೆ. ಇನ್‌ಪುಟ್‌ನಲ್ಲಿ ರೇಡಿಯೊ ಕೇಳಿಸಿದರೆ ಗೇಟ್‌ನ ಸರಣಿಯಲ್ಲಿ 10 ಕೆ, ಗೇಟ್‌ನಿಂದ ಗ್ರೌಂಡ್‌ಗೆ 100 ಪಿಕೊಫ್ಯಾರಡ್ ಸೇರಿಸಿ. ಜ್ಯಾಕ್‌ನಿಂದ ಬೋರ್ಡಿಗೆ ಶೀಲ್ಡ್ ವೈರ್ ಬಳಸಿ, ಶೀಲ್ಡನ್ನು ಒಂದೇ ತುದಿಯಲ್ಲಿ ಬೆಸೆಯಿರಿ. ಆಗ ಜ್ಯಾಕ್‌ನ ಗ್ರೌಂಡ್ ತಂತಿ ಬೇರೆಯೇ ಇರಬೇಕು.

ಚೌಕದ 9 ವೋಲ್ಟ್ ಬ್ಯಾಟರಿ ಪರೀಕ್ಷೆಗೆ ಸಾಕು, ದಿನಾ ನುಡಿಸಲು ಸಾಲದು. ಆರು ಪೆನ್ಸಿಲ್ ಸೆಲ್ ಹೋಲ್ಡರಿಗೆ ಹಾಕಿ. ಇನ್‌ಪುಟ್‌ಗೆ ಸ್ಟೀರಿಯೊ ಜ್ಯಾಕ್ ಇಟ್ಟು ಬ್ಯಾಟರಿಯ ಮೈನಸ್ಸನ್ನು ರಿಂಗ್‌ಗೆ ಕಟ್ಟಿದರೆ ಗಿಟಾರಿನ ಪ್ಲಗ್ ತೂರಿಸಿದಾಗ ಮಾತ್ರ ಆಂಪ್ ಚಾಲೂ ಆಗುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಲೋಡಿಲ್ಲದಾಗ 16 ದಾಟಬಹುದು. ಎನ್‌-1, ಎನ್‌-3 ಮಾದರಿಯ 386ರ ಪರಮ ಮಿತಿಯೇ 15, ಅಳೆಯದೆ ಜೋಡಿಸಬೇಡಿ. ಅಡಾಪ್ಟರ್ ಬಳಸುವಾಗ 7ನೇ ಪಿನ್ನಿನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಗುಂಯ್‌ಗುಡುವಿಕೆ ಎಷ್ಟೋ ತಗ್ಗುತ್ತದೆ.

ಈ ಆಂಪ್ ಕೊಡುವ ಅರ್ಧ ವಾಟಿನಿಂದ ಏನಾದೀತು ಎನ್ನುವವರು ಸ್ಪೀಕರ್ ಬದಲಿಸಿ ನೋಡಬೇಕು. ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಲೆಕ್ಕ) 85 ಡೆಸಿಬೆಲ್ ಇರುವ ಸ್ಪೀಕರಿನ ಜಾಗಕ್ಕೆ 95ರದ್ದು ಬಂದರೆ, ಆಂಪ್‌ನ ಶಕ್ತಿ ಹತ್ತು ಪಟ್ಟು ಮಾಡಿದಷ್ಟೇ ಫಲ. ಹಳೇ ರೇಡಿಯೊದ ಹಗುರ ಕಾಗದದ ಕೋನ್ ಇರುವ 8 ಇಂಚಿನ ಸ್ಪೀಕರ್ ಸಿಕ್ಕರೆ ಬಿಡಬೇಡಿ. ಕಾಯಿಲ್ 8 ಓಂ ಹೌದೋ ಎಂದು ಮಾತ್ರ ನೋಡಿಕೊಳ್ಳಿ, ಮೀಟರಿನಲ್ಲಿ 6–7 ಓಂ ತೋರಿಸುತ್ತದೆ. 12 ಮಿಲಿಮೀಟರ್ ಪ್ಲೈವುಡ್ಡಿನ ಪೆಟ್ಟಿಗೆ, ಹಿಂಬದಿ ಅರ್ಧ ತೆರೆದದ್ದು. ಐದನೇ ತಂತಿ ಮೀಟಿದಾಗ ಪೆಟ್ಟಿಗೆ ಗಿರ್ರೆಂದರೆ ಸರ್ಕ್ಯೂಟನ್ನು ಶಂಕಿಸುವ ಮೊದಲು ಸ್ಪೀಕರಿನ ನಾಲ್ಕೂ ಸ್ಕ್ರೂ ಬಿಗಿ ಮಾಡಿ, ಅಂಚಿನಡಿ ಫೋಮ್ ಪಟ್ಟಿ ಕೊಡಿ.