ರಷ್ಯನ್ ತೃತೀಯಾ ವಿಭಕ್ತಿ: ‘ಇಂದ’ ಮತ್ತು ‘ಆಗಿ’ ಹಿಡಿದು ಕಲಿಯುವ ಬಗೆ

ರಷ್ಯಾದಲ್ಲಿ ವೈದ್ಯಕೀಯ ಓದುವ ನಮ್ಮ ಮಕ್ಕಳು ವಾರ್ಡಿಗೆ ಕಾಲಿಟ್ಟ ದಿನ ರೋಗಿಯೊಡನೆ ರಷ್ಯನ್‌ನಲ್ಲೇ ಮಾತನಾಡಬೇಕು. ಆ ಭಾಷೆಗೆ ಆರು ವಿಭಕ್ತಿಗಳು. ಐದನೆಯದರ ಹೆಸರು ‘ತ್ವರೀತೆಲ್ನಿ’. ‘ಕೇಮ್’, ‘ಚೇಮ್’ ಎಂದರೆ ಯಾರಿಂದ, ಯಾವುದರಿಂದ ಎಂದು ಕೇಳಿದರೆ ಅದು ಉತ್ತರವಾಗಿ ಬರುತ್ತದೆ. ನಮ್ಮ ತೃತೀಯೆಗೆ ಇದು ತೀರ ಹತ್ತಿರದ ನೆಂಟ. ಕನ್ನಡಿಗರು ಇದನ್ನು ಇಂಗ್ಲಿಷ್ ಮೂಲಕ ಕಲಿಯುವುದು ಸುತ್ತುಬಳಸಿನ ದಾರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಪ್ರತ್ಯಯ. ವ್ಯಂಜನದಲ್ಲಿ ಮುಗಿಯುವ ಪುಲ್ಲಿಂಗ ಪದಕ್ಕೆ ‘ಓಮ್’ ಸೇರಿಸಿ: ನೋಷ್ (ಚಾಕು) ನಝೋಮ್ ಆಗುತ್ತದೆ. ‘ಆ’ಕಾರಾಂತ ಸ್ತ್ರೀಲಿಂಗಕ್ಕೆ ‘ಓಯ್’: ರುಕಾ (ಕೈ), ರುಕೋಯ್. ಒತ್ತು ಬೀಳದ ಕಡೆ ಇವು ‘ಅಮ್’, ‘ಅಯ್’ ಎಂದು ಕೇಳಿಸುತ್ತವೆ. ಮೃದು ಚಿಹ್ನೆಯಲ್ಲಿ (ಹಿಂದಿನ ವ್ಯಂಜನವನ್ನು ಮೆದುವಾಗಿಸುವ ‘ь’ ಅಕ್ಷರ) ಮುಗಿಯುವ ಸ್ತ್ರೀಲಿಂಗಕ್ಕೆ ‘ಯು’. ಬಹುವಚನಕ್ಕೆ ಸಾಮಾನ್ಯವಾಗಿ ‘ಆಮಿ’. ಇಷ್ಟು ಸಾಕು, ಅಪವಾದಗಳು ಓದುತ್ತ ಓದುತ್ತ ಕೈಗೆ ಬರುತ್ತವೆ.

ಎರಡನೆಯದಾಗಿ, ಸಾಧನವನ್ನು ಹೇಳಿ. ‘ಯಾ ಯೇಮ್ ಸೂಪ್ ಲೋಷ್ಕಯ್’: ನಾನು ಚಮಚದಿಂದ ಸೂಪ್ ಕುಡಿಯುತ್ತೇನೆ. ಇಲ್ಲಿ ಪ್ರತ್ಯಯವೇ ಸಾಕು, ಬೇರೆ ಪದ ಬೇಡ. ‘ಜೊತೆ’ ಎಂಬ ಅರ್ಥ ಬಂದಾಗ ಮಾತ್ರ ಮುಂದೆ ‘ಸ್’ ಇಡಿ: ‘ಚಾಯ್ ಸ್ ಮಲಕೋಮ್’, ಹಾಲು ಬೆರೆಸಿದ ಚಹಾ. ಚಮಚಕ್ಕೂ ‘ಸ್’ ಹಚ್ಚಿದರೆ ಚಮಚವನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿದಂತೆ ಕೇಳಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ಶಾಲೆಯಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದ್ದು ನೆನಪಿದೆಯೇ? ಆಡುವಾಗ ನಾವು ಎರಡಕ್ಕೂ ‘ಇಂದ’ ಎಂದೇ ಅನ್ನುತ್ತೇವೆ. ರಷ್ಯನ್ನರು ಹಾಗೆ ಮಾಡುವುದಿಲ್ಲ. ‘ಮೈಸೂರಿನಿಂದ ಬಂದೆ’ ಎನ್ನಲು ಅವರು ‘ಇಜ್’ ಎಂಬ ಪದವನ್ನೂ ಷಷ್ಠಿಯನ್ನೂ ಬಳಸುತ್ತಾರೆ. ಆದ್ದರಿಂದ ವಾಕ್ಯದ ‘ಇಂದ’ ತೆಗೆದು ‘ಬಳಸಿ’ ಎಂದು ಹಾಕಿ ನೋಡಿ. ‘ಚಾಕು ಬಳಸಿ ಕತ್ತರಿಸಿದೆ’ ಸರಿಹೊಂದುತ್ತದೆ, ‘ಮೈಸೂರು ಬಳಸಿ ಬಂದೆ’ ಎಂದರೆ ಅರ್ಥವೇ ಬೇರೆಯಾಗುತ್ತದೆ.

ಮೂರನೆಯದು ನನಗೆ ಬಹಳ ಪ್ರಿಯವಾದ ಭಾಗ. ‘ಅವನು ವೈದ್ಯ’ ಎನ್ನಲು ನಮ್ಮಂತೆ ರಷ್ಯನ್ನರಿಗೂ ಕ್ರಿಯಾಪದ ಬೇಕಿಲ್ಲ: ‘ಓನ್ ವ್ರಾಚ್’. ಆದರೆ ‘ವೈದ್ಯನಾಗಿದ್ದ’ ಎನ್ನುವಾಗ ಸಾಮಾನ್ಯವಾಗಿ ‘ಓನ್ ಬಿಲ್ ವ್ರಚೋಮ್’ ಎನ್ನುತ್ತಾರೆ. ‘ವೈದ್ಯನಾಗಿ ದುಡಿಯುತ್ತಾನೆ’ ಎಂಬುದು ‘ರಬೋತಯೆತ್ ವ್ರಚೋಮ್’. ಅಂದರೆ ಹುದ್ದೆ, ವೃತ್ತಿ ಹೇಳುವಾಗ ಕನ್ನಡ ‘ಆಗಿ’ ಎನ್ನುವಲ್ಲಿ ರಷ್ಯನ್ ಇದೇ ವಿಭಕ್ತಿಯನ್ನು ತರುತ್ತದೆ. ಮಕ್ಕಳನ್ನು ಕಂಡಾಗ ಹಿರಿಯರು ಕೇಳುವ ‘ಕೇಮ್ ತಿ ಖೋಚೆಶ್ ಸ್ತಾತ್?’, ಏನಾಗಬೇಕೆಂದಿದ್ದೀಯ, ಎಂಬ ಪ್ರಶ್ನೆಯಲ್ಲೂ ಇರುವುದು ಅದೇ ‘ಕೇಮ್’.

ಕಾಲ ಹೇಳಲೂ ಇದು ಒದಗುತ್ತದೆ: ಊತ್ರಮ್ (ಬೆಳಿಗ್ಗೆ), ಜಿಮೋಯ್ (ಚಳಿಗಾಲದಲ್ಲಿ), ನೋಚ್ಯು (ರಾತ್ರಿ). ಇವನ್ನು ಇಡಿಯಾಗಿ ನೆನಪಿಟ್ಟುಕೊಳ್ಳಿ.

ಈಗ ವಾರ್ಡಿಗೆ ಹೋಗೋಣ. ರೋಗಿಗೆ ಹಿಂದೆ ಯಾವ ಕಾಯಿಲೆಗಳು ಬಂದಿದ್ದವು ಎಂದು ತಿಳಿಯಲು ‘ಚೇಮ್ ವಿ ಬಲೇಲಿ?’ ಎಂದು ಕೇಳಬೇಕು. ‘ಯಾವುದರಿಂದ ಬಳಲಿದ್ದಿರಿ’ ಎಂಬ ನಮ್ಮ ಮಾತಿನ ಅಚ್ಚು ಅದರಲ್ಲಿದೆ. ರೋಗಿ ‘ಗ್ರೀಪಮ್’ ಎಂದರೆ ಫ್ಲೂ ಬಂದಿತ್ತು ಎಂದು ಬರೆದುಕೊಳ್ಳಿ.