ಪೋಕರ್‌ನಲ್ಲಿ ಕಾಲ್ ಮಾಡುವ ಮುನ್ನ ಹಾಕಬೇಕಾದ ಲೆಕ್ಕ

ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ನಿಮ್ಮ ಕೈಯಲ್ಲಿ ಎರಡು ಆಟೀನು ಎಲೆಗಳಿದ್ದು, ಮೇಜಿನ ಮೇಲೆ ತೆರೆದಿರುವ ನಾಲ್ಕರಲ್ಲಿ ಇನ್ನೆರಡು ಆಟೀನುಗಳಿವೆ ಎಂದುಕೊಳ್ಳಿ. ಇನ್ನು ತೆರೆಯಬೇಕಿರುವುದು ಒಂದೇ ಎಲೆ. ನಿಮಗೆ ಕಾಣದ 46 ಎಲೆಗಳಲ್ಲಿ ಫ್ಲಶ್ (ಒಂದೇ ಚಿಹ್ನೆಯ ಐದು ಎಲೆಗಳು) ಕೂಡಿಸುವವು 9 ಮಾತ್ರ. ಅಂದರೆ ಸಾಧ್ಯತೆ ಶೇ. 20ಕ್ಕಿಂತ ತುಸು ಕಡಿಮೆ. 100 ಚಿಪ್‌ಗಳಿದ್ದ ಪಾಟ್‌ಗೆ, ಅಂದರೆ ಪಣದ ರಾಶಿಗೆ, ಎದುರಾಳಿ 50 ಸೇರಿಸಿದಾಗ, ನೀವು ಕಾಲ್ ಮಾಡಿದರೆ, ಅಂದರೆ ನೀವೂ 50 ಹಾಕಿದರೆ, ಪಾಟ್ 200 ಆಗುವುದರಿಂದ, ನಷ್ಟವಾಗದಿರಲು ಶೇ. 25ರಷ್ಟು ಗೆಲುವಿನ ಸಾಧ್ಯತೆ ಬೇಕು. ಫ್ಲಶ್ ಕೂಡಿದ ಬಳಿಕ ಎದುರಾಳಿಯಿಂದ ಸರಾಸರಿ ಇನ್ನೂ 56 ಚಿಪ್‌ಗಳಾದರೂ ಬರುವ ಭರವಸೆಯಿಲ್ಲದಿದ್ದರೆ ಫೋಲ್ಡ್ ಮಾಡುವುದೇ, ಅಂದರೆ ಎಲೆ ಬಿಟ್ಟು ಆ ಸುತ್ತಿನಿಂದ ಹಿಂದೆ ಸರಿಯುವುದೇ ಸರಿ.

ಹೊಸಬರು ಎಡವುವುದು ಇದರ ನಂತರವೇ ಎಂಬುದು ನನ್ನ ಅನಿಸಿಕೆ: ಎಲೆ ಬಿಟ್ಟ ಮರುಕ್ಷಣ ಆಟೀನು ಬಿದ್ದರೆ ನೊಂದುಕೊಂಡು, ಮುಂದಿನ ಸಲ ಲೆಕ್ಕವನ್ನೇ ಕೈಬಿಡುತ್ತಾರೆ. ಆಟ ಮುಗಿದ ಮೇಲೆ ಪಾಟ್ ಎಷ್ಟಿತ್ತು, ಎಷ್ಟು ಕೇಳಿದರು, ಎಷ್ಟು ಎಲೆಗಳು ನೆರವಾಗುತ್ತಿದ್ದವು ಎಂಬುದನ್ನಷ್ಟೇ ಬರೆದಿಟ್ಟು ಮರುದಿನ ಪರಿಶೀಲಿಸಿ.