ಆರು ಕಾಲಿನ ಟಾಗಲ್ ಸ್ವಿಚ್, ನಮ್ಮ ಟೆರೇಸಿನ ಪರದೆ

ಟೆರೇಸಿನ ಗಿಡಗಳಿಗೆ ಮಧ್ಯಾಹ್ನದ ಬಿಸಿಲು ಜಾಸ್ತಿಯಾಗುತ್ತಿತ್ತು. ಹಸಿರು ನೆರಳು ಪರದೆ ಎಳೆಯಲು 12 ವೋಲ್ಟಿನ ಗೇರ್ ಮೋಟಾರ್ ಕೂರಿಸಿದೆ. ಪರದೆ ವಾಪಸ್ಸೂ ಬರಬೇಕಲ್ವಾ? ಡಿಸಿ ಮೋಟಾರಿಗೆ ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಅದಕ್ಕೆಂದೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಟಾಗಲ್ ಸ್ವಿಚ್ ತಂದೆ, ಮುಂದೆ ಆಚೀಚೆ ತಳ್ಳುವ ಕಡ್ಡಿ, ಹಿಂದೆ ವೈರ್ ಬೆಸೆಯುವ ಆರು ಕಾಲಿರುವುದು. ಅಂಗಡಿಯಲ್ಲಿ ‘ಡಿಪಿಡಿಟಿ’ (ಡಬಲ್ ಪೋಲ್ ಡಬಲ್ ಥ್ರೋ) ಎಂದು ಕೇಳಬೇಕು.

ಕಾಲುಗಳು ಮೂರರಂತೆ ಎರಡು ಸಾಲು. ನಡುವಿನ ಎರಡಕ್ಕೆ ಬ್ಯಾಟರಿ, ಒಂದು ತುದಿಯ ಎರಡಕ್ಕೆ ಮೋಟಾರ್. ಅಲ್ಲಿಂದ ಇನ್ನೊಂದು ತುದಿಗೆ ಕತ್ತರಿಯಂತೆ ಅಡ್ಡ ಎರಡು ತುಂಡು ವೈರು. ಬೆಸುಗೆ ಬೇಗ ಮುಗಿಸಿ. ಕಾಲು ತುಂಬಾ ಬಿಸಿಯಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ತಗಡು ಸೊಟ್ಟಗಾಗುತ್ತದೆ. ಹೀಗೆ ಒಂದು ಸ್ವಿಚ್ ಸುಮ್ನೆ ಹಾಳು ಮಾಡಿದ್ದೇನೆ.

ಎರಡು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ಪರದೆ ಸಿಕ್ಕಿಕೊಂಡಿತೆಂದು, ಮೋಟಾರ್ ಓಡುತ್ತಿರುವಾಗಲೇ ಕಡ್ಡಿಯನ್ನು ಆ ಕಡೆ ತಳ್ಳಿದೆ. ಫ್ಯೂಸ್ ಹೋಯಿತು.

ಸ್ವಿಚ್ ಬಿಚ್ಚಿ ನೋಡಿದೆ. ಒಳಗಿರುವುದು ಪಾರ್ಕಿನ ಸೀಸಾ ಹಲಗೆಯಂಥ ಪುಟ್ಟ ತಗಡುಗಳು. ಕಡ್ಡಿಯ ತುದಿಯ ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ. ಕಡ್ಡಿ ನಡುವನ್ನು ದಾಟಿದ್ದೇ ತಡ, ತಗಡು ಟಕ್ಕನೆ ಆಚೆ ವಾಲುತ್ತದೆ. ಹಾಗಾಗಿ ಕಡ್ಡಿ ಮೇಲಿದ್ದಾಗ ಕೂಡುವುದು ಕೆಳಗಿನ ಕಾಲು! ನನ್ನದರಲ್ಲಿ ಒಂದು ತಗಡು ಕಿಡಿಗೆ ಕರಗಿ ಅಂಟಿಕೊಂಡಿತ್ತು, ಇನ್ನೊಂದು ಮಾತ್ರ ವಾಲಿತ್ತು. ಅಡ್ಡ ವೈರಿನ ಮೂಲಕ ಪ್ಲಸ್ಸು ಮೈನಸ್ಸು ನೇರ ಕೂಡಿದ್ದವು. ಫ್ಯೂಸ್ ಇಲ್ಲದಿದ್ದರೆ ವೈರೇ ಸುಡುತ್ತಿತ್ತು.

ತಪ್ಪು ನನ್ನದೇ. ಓಡುವ ಮೋಟಾರನ್ನು ಒಮ್ಮೆಲೇ ಉಲ್ಟಾ ಮಾಡಿದರೆ ಕರೆಂಟ್ ವಿಪರೀತ ಎಳೆಯುತ್ತದೆ. ಸ್ವಿಚ್ಚಿನ ಮೈಮೇಲೆ ಬರೆದಿದ್ದ 3 ಆಂಪಿಯರ್, 250 ವೋಲ್ಟ್ ಎಸಿ, ಅಂದರೆ ಮನೆಯ ಕರೆಂಟಿನ ಲೆಕ್ಕದ್ದು. ನಮ್ಮ 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಡಿಸಿಯಲ್ಲಿ ಆ ಬಿಡುವಿಲ್ಲ.

ಈಗ ಹಾಕಿರುವುದು ಡಿಸಿ ರೇಟಿಂಗ್ ಬರೆದಿರುವ ದಪ್ಪನೆಯ ಟಾಗಲ್. ನಡುವೆ ಆಫ್ ಇದೆ, ಕೈ ಬಿಟ್ಟರೆ ಕಡ್ಡಿ ತಾನೇ ಅಲ್ಲಿಗೆ ಬರುತ್ತದೆ. ಕಾರಿನ ಪವರ್ ವಿಂಡೋ ಗುಂಡಿಯನ್ನು ಒತ್ತಿ ಹಿಡಿಯುತ್ತೇವಲ್ಲ, ಹಾಗೆ. ಯಂತ್ರಗಳ ಪ್ಯಾನೆಲ್‌ನಲ್ಲಿ, ವಿಮಾನದ ಕಾಕ್‌ಪಿಟ್‌ನಲ್ಲಿ ಟಾಗಲ್ ಇಷ್ಟಪಡುವುದು ಯಾಕೆಂದು ಈಗ ಗೊತ್ತಾಗಿದೆ: ಯಾವ ಕಡೆಗಿದೆ ಎಂಬುದು ನೋಡದೆಯೂ ಬೆರಳಿಗೆ ತಿಳಿಯುತ್ತದೆ. ನಾನೂ ಕಣ್ಣನ್ನು ಪರದೆಯ ಮೇಲಿಟ್ಟೇ ಕಡ್ಡಿ ಹಿಡಿಯುತ್ತೇನೆ, ಗೋಡೆ ಮುಟ್ಟಿದ ಕೂಡಲೇ ಬಿಡುತ್ತೇನೆ.